ಸೀಮೆ ಬದನೆ ಬಳ್ಳಿ ಹಬ್ಬಿದೆ, ಕಾಯಿ ಯಾಕಿಲ್ಲ? ದೋಷ ಹುಡುಕುವ ಕೈಪಿಡಿ

ಚಪ್ಪರದ ತುಂಬ ಎಲೆ. ಕುಡಿಗಳು ಪಕ್ಕದ ನುಗ್ಗೆ ಮರಕ್ಕೂ ಹತ್ತಿವೆ. ಆದರೆ ಒಂದೇ ಒಂದು ಕಾಯಿ ಇಲ್ಲ. ಸೀಮೆ ಬದನೆ ಹಾಕಿದವರಿಂದ ಜಾಸ್ತಿ ಕೇಳಿ ಬರುವ ದೂರು ಇದು. ದೂರಿನ ಹಿಂದೆಯೇ ಅಂಗಡಿಯಿಂದ ಹೂ ಬಿಡಿಸುವ ಟಾನಿಕ್ ಬರುತ್ತದೆ, ಒಂದು ಹಿಡಿ ಯೂರಿಯಾ ಬೀಳುತ್ತದೆ, ಕೊನೆಗೆ ಕೀಟನಾಶಕವೂ ಹೊಡೆಯುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ಈ ಬಳ್ಳಿಯಲ್ಲಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ರೋಗವೇ ಅಲ್ಲ. ತಿಂಗಳು, ಸೆಕೆ, ನೀರು, ಗೊಬ್ಬರ ಈ ನಾಲ್ಕರಲ್ಲಿ ಯಾವುದೋ ಒಂದು ಹೊಂದಿಕೆಯಾಗಿರುವುದಿಲ್ಲ. ಯಾವುದು ಅಂತ ಬಳ್ಳಿಯೇ ತೋರಿಸುತ್ತದೆ. ಎಲ್ಲಿಂದ ನೋಡಲು ಶುರು ಮಾಡಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಮೊದಲು ಕ್ಯಾಲೆಂಡರ್ ನೋಡಿ

ಹೂವೇ ಬಂದಿಲ್ಲ ಅನ್ನುವುದು ಒಂದು ದೋಷ. ಹೂವು ಬಂದು ಕಾಯಿ ಕಚ್ಚುತ್ತಿಲ್ಲ ಅನ್ನುವುದು ಬೇರೆಯೇ ದೋಷ. ಎರಡಕ್ಕೂ ಒಂದೇ ಮದ್ದು ಹುಡುಕಬಾರದು.

ಹೂವೇ ಇಲ್ಲದಿದ್ದರೆ ಈಗ ಯಾವ ತಿಂಗಳು ಅಂತ ನೋಡಿ. ಸೀಮೆ ಬದನೆಯ ತವರು ಮೆಕ್ಸಿಕೋ ಮತ್ತು ಗ್ವಾಟೆಮಾಲಾದ ಬೆಟ್ಟಸೀಮೆ. ಹಗಲು ಹೆಚ್ಚು ಕಡಿಮೆ 12 ಗಂಟೆಗೆ ಇಳಿದಾಗ ಹೂ ಬಿಡುವುದು ಅದರ ಹುಟ್ಟುಗುಣ. ಬೆಂಗಳೂರಿನಲ್ಲಿ ಜೂನ್ ಕೊನೆಗೆ ಹಗಲು ಸುಮಾರು 12 ಗಂಟೆ 50 ನಿಮಿಷ ಇರುತ್ತದೆ. ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷದ ಆಸುಪಾಸಿಗೆ ಬರುತ್ತದೆ. ಹಾಗಾಗಿ ಮುಂಗಾರಿಗೆ ನೆಟ್ಟ ಬಳ್ಳಿ ಜುಲೈ, ಆಗಸ್ಟ್‌ನಲ್ಲಿ ಬರೀ ಎಲೆ ಬಿಟ್ಟರೆ ಅದು ದೋಷವಲ್ಲ. ಗೌರಿ ಗಣೇಶ ಹಬ್ಬ ಕಳೆಯಲಿ. ದಸರೆ ಹೊತ್ತಿಗೆ ಹೂವು ಕಾಣಬೇಕು. ದೀಪಾವಳಿ ಕಳೆದರೂ ಒಂದೂ ಹೂವಿಲ್ಲ ಅಂದರೆ ಮಾತ್ರ ಮುಂದಿನ ಪರೀಕ್ಷೆಗೆ ಹೋಗಿ.

ಇನ್ನೊಂದು ಲೆಕ್ಕವೂ ಇದೆ. ನೆಟ್ಟ ಮೇಲೆ ಬಳ್ಳಿ ಬೇರು ಬಿಟ್ಟು, ಮೈ ತುಂಬಿಕೊಳ್ಳಲು ನಾಲ್ಕೈದು ತಿಂಗಳು ಬೇಕು. ಅಕ್ಟೋಬರಿನಲ್ಲಿ ನೆಟ್ಟು ಡಿಸೆಂಬರಿನಲ್ಲಿ ಕಾಯಿ ಕೇಳಿದರೆ ಅದು ಪಾಪ ಎಲ್ಲಿಂದ ಕೊಡಬೇಕು?

ಹೊರದೇಶದಲ್ಲಿರುವ ನಮ್ಮವರು ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ನ್ಯೂಜೆರ್ಸಿಯಂಥ ಕಡೆ ಜೂನಿನಲ್ಲಿ ಹಗಲು 15 ಗಂಟೆ. ಅದು ಹನ್ನೆರಡೂವರೆ ಗಂಟೆಗೆ ಇಳಿಯುವುದು ಸೆಪ್ಟೆಂಬರಿನಲ್ಲಿ. ಹೂವು ಬಿಟ್ಟು ಕಾಯಿ ಬಲಿಯುವ ಮೊದಲೇ ಹಿಮ ಬೀಳುತ್ತದೆ, ಬಳ್ಳಿ ಕರಕಲಾಗುತ್ತದೆ. ಅಲ್ಲಿ ಎಷ್ಟೇ ಗೊಬ್ಬರ ಸುರಿದರೂ ಪ್ರಯೋಜನವಿಲ್ಲ. ಕುಡಿ ಕೊಯ್ದು ಸೊಪ್ಪಿನ ಹಾಗೆ ಬಳಸುವುದೇ ಜಾಣತನ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಚಳಿ ಕಡಿಮೆ, ಅಲ್ಲಿ ಚೆನ್ನಾಗಿ ಕಾಯಿ ಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ಇದು ಹಳೆಯ ಹಿತ್ತಿಲ ಬಳ್ಳಿ, ಚೋಕೋ ಅನ್ನುತ್ತಾರೆ. ಅಲ್ಲಿ ಋತು ತಿರುವುಮುರುವು, ಆದ್ದರಿಂದ ಹೂವನ್ನು ಮಾರ್ಚ್ ಹೊತ್ತಿಗೆ ಕಾಯಬೇಕು.

ತಿಂಗಳು ಸರಿ ಇದೆ, ಆದರೂ ಹೂವಿಲ್ಲ

ಎಲೆಯ ಬಣ್ಣ ನೋಡಿ. ಕಡು ಹಸಿರು, ಅಂಗೈಗಿಂತ ಅಗಲ, ಗಿಣ್ಣಿನಿಂದ ಗಿಣ್ಣಿಗೆ ಉದ್ದುದ್ದ ಅಂತರ, ಕುಡಿ ದಪ್ಪ. ಇಷ್ಟೂ ಇದ್ದರೆ ಸಾರಜನಕ ಜಾಸ್ತಿಯಾಗಿದೆ. ಯೂರಿಯಾ, ಹಸಿ ಸಗಣಿ, ಕೋಳಿ ಗೊಬ್ಬರ ಇವುಗಳಲ್ಲಿ ಒಂದನ್ನು ಹಾಕಿರುತ್ತೀರಿ. ಬಚ್ಚಲ ನೀರು ಬುಡಕ್ಕೆ ಹೋಗುತ್ತಿದ್ದರೂ ಹೀಗಾಗಬಹುದು. ಗೊಬ್ಬರ ನಿಲ್ಲಿಸಿ. ಬುಡದಿಂದ ಒಂದಡಿ ದೂರದಲ್ಲಿ ಎರಡು ಹಿಡಿ ಒಲೆ ಬೂದಿ ಹಾಕಿ ಮಣ್ಣಿಗೆ ಬೆರೆಸಿ. ಬೂದಿಯಲ್ಲಿ ಪೊಟ್ಯಾಷ್ ಇದೆ. ನಿಮ್ಮ ಮಣ್ಣು ಮೊದಲೇ ಸುಣ್ಣದ ಅಂಶದ್ದಾದರೆ ಬೂದಿ ಬೇಡ, ಚೆನ್ನಾಗಿ ಕಳಿತ ಕಾಂಪೋಸ್ಟ್ ಸಾಕು.

ಎಲೆ ಸಾಧಾರಣವಾಗಿದ್ದು ಹೂವಿಲ್ಲ ಅಂದರೆ ನೆರಳನ್ನು ಅನುಮಾನಿಸಿ. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ. ಆಕಾಶ ಒಂದು ಚೂರೂ ಕಾಣದಷ್ಟು ಎಲೆ ದಟ್ಟವಾಗಿದ್ದರೆ ಒಳಗಿನ ಕವಲುಗಳಿಗೆ ಬೆಳಕಿಲ್ಲ. ಹಳದಿಯಾದ, ಬಡಕಲಾದ ಕವಲುಗಳನ್ನು ತೆಗೆಯಿರಿ. ಬಳ್ಳಿ ಚಪ್ಪರ ಮುಟ್ಟಿದಾಗ ತುದಿ ಚಿವುಟಿದ್ದೀರಾ? ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ. ಹೂವು ಹೆಚ್ಚಾಗಿ ಬರುವುದು ಆ ಕವಲುಗಳಲ್ಲಿ. ಬಿಟ್ಟರೆ ಒಂದೇ ದಾರ ಉದ್ದಕ್ಕೆ ಓಡುತ್ತಲೇ ಇರುತ್ತದೆ. ಆದರೆ ದೊಡ್ಡ ಕತ್ತರಿ ಪ್ರಯೋಗ ಆಗಸ್ಟ್, ಸೆಪ್ಟೆಂಬರಿನಲ್ಲಿ ಬೇಡ. ಹೂವು ಬರಬೇಕಾದ ಕವಲೇ ಹೋಗಿಬಿಡುತ್ತದೆ. ಫಸಲು ಮುಗಿದ ಮೇಲೆ, ಬುಡದಿಂದ ಎರಡಡಿ ಬಿಟ್ಟು ಮೇಲಿನದ್ದನ್ನು ಕತ್ತರಿಸಿ. ಬೇರು ಬದುಕಿರುತ್ತದೆ, ಮತ್ತೆ ಚಿಗುರುತ್ತದೆ.

ತಾರಸಿಯಲ್ಲಿ ಬಕೆಟ್ಟಿನಲ್ಲಿ ಬೆಳೆಸುವವರಿಗೆ ಒಂದು ಮಾತು. ಈ ಬಳ್ಳಿಯ ಬೇರು ವರ್ಷದಿಂದ ವರ್ಷಕ್ಕೆ ದಪ್ಪಗಾಗಿ ಗೆಡ್ಡೆಯಾಗುತ್ತದೆ. ಪೇಂಟ್ ಬಕೆಟ್ಟು ಅದಕ್ಕೆ ಸಾಲುವುದಿಲ್ಲ. ಅರ್ಧ ಡ್ರಮ್ಮು ಇದ್ದರೆ ಕೈ ಹಾಕಿ, ಇಲ್ಲದಿದ್ದರೆ ಆ ಜಾಗದಲ್ಲಿ ಬೀನ್ಸ್ ಬೆಳೆಯಿರಿ, ನೆಮ್ಮದಿ.

ಹೂವಿದೆ, ಕಾಯಿ ಕಚ್ಚುತ್ತಿಲ್ಲ

ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ಎಲೆಯನ್ನು ಪಕ್ಕಕ್ಕೆ ಸರಿಸಿ, ಅದರ ಕಂಕುಳನ್ನು ಹತ್ತಿರದಿಂದ ನೋಡಿ. ಅಲ್ಲಿಂದ ಒಂದು ಸಣ್ಣ ಕಡ್ಡಿ ಹೊರಟು, ಅದರ ಉದ್ದಕ್ಕೂ ಬೆಳ್ಳನೆ ಹಸಿರು ಹೂವುಗಳ ಗೊಂಚಲು ಇದ್ದರೆ ಅದು ಗಂಡು. ಅದೇ ಕಂಕುಳಲ್ಲಿ, ತೊಟ್ಟಿಗೆ ಅಂಟಿದ ಹಾಗೆ ಸಾಮಾನ್ಯವಾಗಿ ಒಂಟಿಯಾಗಿರುವುದು ಹೆಣ್ಣು. ಹೆಣ್ಣು ಹೂವಿನ ಹಿಂದೆ ಕಡಲೆಕಾಳಿನಷ್ಟು ಪುಟ್ಟ ಸೀಮೆ ಬದನೆ ಆಗಲೇ ಕೂತಿರುತ್ತದೆ. ಗೆರೆ, ಏಣು, ಕೆಲವು ತಳಿಗಳಲ್ಲಿ ನವಿರಾದ ಮುಳ್ಳು ಎಲ್ಲಾ ಅದರಲ್ಲಿ ಕಾಣುತ್ತದೆ. ಒಂದೇ ಬಳ್ಳಿಯಲ್ಲಿ ಎರಡೂ ಬಗೆಯ ಹೂವು ಇರುವುದರಿಂದ ಒಂದೇ ಬಳ್ಳಿ ಇದ್ದರೂ ಕಾಯಿ ಆಗಬೇಕು.

ಒಂದು ಹೆಣ್ಣು ಹೂವಿಗೆ ದಾರ ಕಟ್ಟಿ ಗುರುತು ಮಾಡಿ. ಹೂವು ಬಾಡಿದ ಮೇಲೆ ನಾಲ್ಕೈದು ದಿನ ನೋಡಿ. ಹಿಂದಿನ ಪುಟ್ಟ ಹೀಚು ಹಸಿರಾಗಿ ಊದಿಕೊಂಡರೆ ಪರಾಗ ಸೇರಿದೆ. ಊದದೆ ಹಳದಿಯಾಗಿ, ಮುಟ್ಟಿದರೆ ಉದುರಿದರೆ ಪರಾಗ ಸೇರಿಲ್ಲ ಅಥವಾ ಸೆಕೆ ಹೊಡೆದಿದೆ. ಸ್ವಲ್ಪ ಊದಿ, ನಿಂಬೆಹಣ್ಣಿನ ಗಾತ್ರವಾಗಿ ಆಮೇಲೆ ಉದುರಿದರೆ ನೀರು ಅಥವಾ ಹಣ್ಣಿನ ನೊಣದ ಕಡೆ ನೋಡಬೇಕು. ಇಷ್ಟು ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಪರಾಗ ಸೇರಿಲ್ಲ ಅನ್ನಿಸಿದರೆ ಬಳ್ಳಿಯ ಹತ್ತಿರ ಸುಮ್ನೆ ಹತ್ತು ನಿಮಿಷ ನಿಲ್ಲಿ. ಹೂವಿನಲ್ಲಿ ಮಕರಂದ ಧಾರಾಳ. ತುಡುವೆ ಜೇನು, ಮುಜಂಟಿ ಜೇನು ಬರಲೇಬೇಕು. ಒಂದೂ ಕಾಣದಿದ್ದರೆ ನೀವೋ ಪಕ್ಕದವರೋ ಔಷಧಿ ಹೊಡೆದಿರಬಹುದು. ಹೂವಿನ ಕಾಲದಲ್ಲಿ ಬೆಳಿಗ್ಗೆ ಹೊತ್ತು ಏನನ್ನೂ ಸಿಂಪಡಿಸಬೇಡಿ, ಬೇವಿನೆಣ್ಣೆಯನ್ನೂ ಸಂಜೆಗೆ ಇಟ್ಟುಕೊಳ್ಳಿ. ಬಳ್ಳಿಯ ಬದಿಯಲ್ಲಿ ತುಳಸಿ, ಕಾಮಕಸ್ತೂರಿ ಇದ್ದರೆ ಜೇನು ಆ ಕಡೆ ದಾರಿ ಮಾಡಿಕೊಳ್ಳುತ್ತದೆ. ಅಲ್ಲಿಯವರೆಗೆ ಮಕ್ಕಳ ಚಿತ್ರದ ಕುಂಚದಿಂದ ಗಂಡು ಹೂವಿನ ಪುಡಿ ತೆಗೆದು ಹೆಣ್ಣು ಹೂವಿಗೆ ಮುಟ್ಟಿಸಿ. ಕುಂಚದಿಂದ ಮುಟ್ಟಿಸಿದವು ಕಾಯಿ ಕಚ್ಚಿ, ಉಳಿದವು ಉದುರಿದರೆ ದೋಷ ಎಲ್ಲಿದೆ ಅಂತ ಖಚಿತವಾಯಿತು.

ಕುಂಚ ಮುಟ್ಟಿಸಿದರೂ ಉದುರುತ್ತಿದ್ದರೆ ಸೆಕೆ. ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟುತ್ತಾ ಹೋದಂತೆ ಈ ಬಳ್ಳಿ ಎಲೆ ಕಡೆಗೆ ವಾಲುತ್ತದೆ, ಹೂವು ಮತ್ತು ಹೀಚು ಉದುರಿಸುತ್ತದೆ. 13 ಡಿಗ್ರಿಗಿಂತ ಕೆಳಗೆ ಹೋದರೂ ಎಳೆ ಕಾಯಿ ಹಾಳು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ವರ್ಷದ ಹೆಚ್ಚು ತಿಂಗಳು ಇದಕ್ಕೆ ಹಿತ. ಚಿಕ್ಕಮಗಳೂರು, ಕೊಡಗು ಇನ್ನೂ ಹಿತ. ಮಾರ್ಚಿನಿಂದ ಮೇ ತನಕ ಬೆಂಗಳೂರಿನಲ್ಲೂ ಹೂವು ಉದುರುವುದು ಸಹಜ, ಆಗ ಬಳ್ಳಿಯನ್ನು ಬದುಕಿಸಿಕೊಂಡರೆ ಸಾಕು. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಬೆಳೆಯುವವರು ಚಳಿಗಾಲದ ಫಸಲನ್ನೇ ನೆಚ್ಚಿಕೊಳ್ಳಬೇಕು. ಬೇಸಿಗೆಯಲ್ಲಿ ಬುಡಕ್ಕೆ ಒಣ ಎಲೆ, ಭತ್ತದ ಹುಲ್ಲು ಅಥವಾ ತೆಂಗಿನ ನಾರಿನ ಹೊದಿಕೆ ಹಾಕಿ.

ನೆಟ್ಟ ಕಾಯಿಯೇ ಕೊಳೆಯಿತು

ಸೀಮೆ ಬದನೆಗೆ ಒಂದೇ ಬೀಜ. ಅದು ಕಾಯಿಯ ಒಳಗೇ ಮೊಳೆಯುತ್ತದೆ. ಬೀಜ ಬಿಡಿಸಿ ಒಣಗಿಸಿ ಇಟ್ಟರೆ ಸತ್ತಿತು. ಇಡೀ ಕಾಯಿಯನ್ನೇ ನೆಡಬೇಕು.

ಕೊಳೆಯುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಪಲ್ಯಕ್ಕೆ ತಂದ ಎಳೆ ಕಾಯಿ ನೆಟ್ಟಿರುತ್ತೀರಿ. ಇಲ್ಲವೇ ಫ್ರಿಜ್ಜಿನಲ್ಲಿ ಇದ್ದದ್ದನ್ನು ನೆಟ್ಟಿರುತ್ತೀರಿ, ಜಾಸ್ತಿ ತಂಪಿಗೆ ಇದರ ಒಳಗು ಹಾಳಾಗುತ್ತದೆ. ಇವೆರಡೂ ಅಲ್ಲದಿದ್ದರೆ ನೀರು ನಿಂತಿದೆ. ಸಂತೆಯಲ್ಲಿ ದೊಡ್ಡದಾದ, ಬಲಿತ, ಪೆಟ್ಟಾಗದ ಕಾಯಿ ಆರಿಸಿ ತನ್ನಿ. ಅಡುಗೆಮನೆಯ ಮೂಲೆಯಲ್ಲಿ ಗಾಳಿಯಾಡುವ ಹಾಗೆ ಇಡಿ. ಕೆಲವು ವಾರದಲ್ಲಿ ಅಗಲದ ತುದಿಯ ಸೀಳು ಬಾಯಿ ಬಿಡುತ್ತದೆ. ಅಲ್ಲಿಂದ ಬೀಜದ ದಳ ನಾಲಿಗೆಯ ಹಾಗೆ ಹೊರಗೆ ಇಣುಕುತ್ತದೆ, ಅದರ ನಡುವಿನಿಂದ ಕುಡಿ ಏಳುತ್ತದೆ. ಕುಡಿ ಗೇಣುದ್ದ ಆಗುವ ಮೊದಲು ನೆಡಿ. ಬೇರೂ ಅದೇ ಅಗಲದ ತುದಿಯಿಂದ ಬರುವುದರಿಂದ ಆ ತುದಿ ಮಣ್ಣಿನೊಳಗೆ ಹೋಗುವ ಹಾಗೆ ಓರೆಯಾಗಿ ಮಲಗಿಸಿ. ಕುಡಿ ಮತ್ತು ತೊಟ್ಟಿನ ಕಡೆಯ ಚೂರು ಹೊರಗೆ ಕಾಣಲಿ. ಪೂರ್ತಿ ಹೂತರೆ ಕೊಳೆಯುವ ಭಯ ಹೆಚ್ಚು.

ಒಂದೂವರೆ ಅಡಿ ಗುಂಡಿ, ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಮಳೆಗಾಲವಾದರೆ ಗುಂಡಿಯ ಮಣ್ಣನ್ನು ದಿಬ್ಬ ಮಾಡಿ ಅದರ ಮೇಲೆ ನೆಡಿ.

ಮಧ್ಯಾಹ್ನ ಬಾಡುತ್ತದೆ, ಎಲೆ ಹಳದಿ

ಬಾಡಿದ ಬಳ್ಳಿ ಕಂಡ ಕೂಡಲೇ ನೀರು ಹಾಕಬೇಡಿ. ಎರಡು ಬೆರಳು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ, ಸಂಜೆಗೆ ಎದ್ದು ನಿಲ್ಲುತ್ತದೆ. ಮಣ್ಣು ತೇವವಿದ್ದೂ ಬಾಡಿದರೆ ತೊಂದರೆ ಬೇರಿನಲ್ಲಿದೆ. ಬುಡದ ಪಕ್ಕ ಮೆಲ್ಲಗೆ ಕೆದಕಿ ಒಂದು ಸಣ್ಣ ಬೇರು ತೆಗೆಯಿರಿ. ಕಂದು ಬಣ್ಣ, ಹಿಸುಕಿದರೆ ಸಿಪ್ಪೆ ಜಾರಿ ಕೆಟ್ಟ ವಾಸನೆ ಬಂದರೆ ಬೇರು ಕೊಳೆತಿದೆ. ನೀರು ಬಸಿದು ಹೋಗುವ ದಾರಿ ಮಾಡಿ. ಬೇರಿನ ಮೇಲೆ ಸಾಸಿವೆ, ಕೊತ್ತಂಬರಿ ಕಾಳಿನ ಗಾತ್ರದ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳ. ಅದನ್ನು ಪೂರ್ತಿ ಹೊಡೆದೋಡಿಸುವ ಸುಲಭ ದಾರಿ ಇಲ್ಲ. ಬೇವಿನ ಹಿಂಡಿ ಹಾಕುತ್ತಾ, ಸುತ್ತ ಚೆಂಡು ಹೂ ಬೆಳೆಸಿದರೆ ಹತೋಟಿಗೆ ಬರುತ್ತದೆ. ಮುಂದಿನ ಸಲ ಆ ಗುಂಡಿಯಲ್ಲಿ ಸೌತೆ, ಟೊಮೆಟೊ, ಬದನೆ ಯಾವುದನ್ನೂ ಹಾಕಬೇಡಿ.

ಎಲೆಯ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗಿದ್ದರೆ ಬೂದಿ ರೋಗ. ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯವರು ಗಂಧಕ ಕೊಡುತ್ತಾರೆ, ಆದರೆ ಸೌತೆ, ಕುಂಬಳ ಜಾತಿಯ ಬಳ್ಳಿಗಳ ಎಲೆ ಬಿಸಿಲಿನ ದಿನ ಗಂಧಕಕ್ಕೆ ಸುಡುತ್ತದೆ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ. ಇದೇ ಕುಟುಂಬದ ಜುಕಿನಿ ಮೇಲೆ ಬ್ರೆಜಿಲ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ ಕೆಲಸ ಮಾಡುತ್ತದೆ ಅಂತ ಕಂಡುಕೊಂಡಿದ್ದಾರೆ. ರೋಗ ಶುರುವಿನಲ್ಲೇ ಹಿಡಿದರೆ ಮಾತ್ರ ಫಲ.

ಎಲೆ ಮುದುಡಿ, ಹಸಿರು ಹಳದಿ ತೇಪೆ ತೇಪೆಯಾಗಿ ಕುಡಿ ಕುಗ್ಗಿದರೆ ನಂಜು (ವೈರಸ್) ರೋಗ ಇರಬಹುದು. ಅದಕ್ಕೆ ಮದ್ದಿಲ್ಲ. ಬಳ್ಳಿ ಕಿತ್ತು ಹಾಕಿ, ಅದರಿಂದ ಬಂದ ಕಾಯಿಯನ್ನು ನೆಡಲು ಇಡಬೇಡಿ. ಎಲೆಯಡಿ ಹೇನು ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ದ್ರಾವಣ, ಸಂಜೆ ಹೊತ್ತು.

ಕಾಯಿ ಬಂತು, ಆದರೆ ಸೊಟ್ಟಗಿದೆ

ಸೊಟ್ಟಗಾದ ಕಡೆ ಬೆಳಕಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದಂಥ ತೂತು, ಅದರ ಬಾಯಲ್ಲಿ ಅಂಟಿನ ಹನಿ ಇದ್ದರೆ ಹಣ್ಣಿನ ನೊಣ ಮೊಟ್ಟೆ ಇಟ್ಟಿದೆ. ಸೀಳಿದರೆ ಬಿಳಿ ಹುಳ. ಮಾವಿನ ತೋಟಕ್ಕೆ ಬಳಸುವ ಬಲೆ ತಂದು ನೇತು ಹಾಕಿ, ಕೆಲಸ ಮಾಡಲಿಲ್ಲ ಅನ್ನುವವರಿದ್ದಾರೆ. ಮಾವಿನ ಬಲೆಯಲ್ಲಿರುವುದು ಮೀಥೈಲ್ ಯೂಜಿನಾಲ್ ಅನ್ನುವ, ನೊಣವನ್ನು ಸೆಳೆಯುವ ವಾಸನೆಯ ವಸ್ತು. ಬಳ್ಳಿ ತರಕಾರಿಯ ನೊಣ ಅದಕ್ಕೆ ಬರುವುದಿಲ್ಲ, ಅದಕ್ಕೆ ಕ್ಯೂಲ್ಯೂರ್ ಅನ್ನುವ ಬೇರೆ ವಾಸನೆಯ ಬಲೆಯೇ ಬೇಕು. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ಬಿದ್ದ ಕಾಯಿಯನ್ನು ಚಪ್ಪರದ ಕೆಳಗೆ ಬಿಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ, ಒಳಗಿನ ಹುಳ ಸಾಯುತ್ತದೆ.

ತೂತಿಲ್ಲದೆ ಸೊಟ್ಟಗಿದ್ದರೆ ಪರಾಗ ಸರಿಯಾಗಿ ಸೇರದೆ ಇರಬಹುದು, ಎಳೆಯದರಲ್ಲಿ ತಂತಿಗೆ ಒತ್ತಿಕೊಂಡಿರಬಹುದು. ಅಡುಗೆಗೆ ಏನೂ ತೊಂದರೆ ಇಲ್ಲ.

ಬಳ್ಳಿಯಲ್ಲೇ ಕಾಯಿ ಮೊಳಕೆ ಒಡೆಯುತ್ತಿದ್ದರೆ ನೀವು ತಡ ಮಾಡಿದ್ದೀರಿ. ಹೂವು ಕಟ್ಟಿದ ನಾಲ್ಕೈದು ವಾರಕ್ಕೆ ಕಾಯಿ ಕೊಯ್ಲಿಗೆ ಬರುತ್ತದೆ. ಅಗಲದ ತುದಿಯ ಸೀಳು ಬಿಗಿಯಾಗಿ ಮುಚ್ಚಿರಬೇಕು, ಉಗುರು ಸಿಪ್ಪೆಗೆ ಇಳಿಯಬೇಕು. ಆಗ ಕೊಯ್ಯಿರಿ.

ಅಡುಗೆಮನೆಯಲ್ಲಿ

ಸಿಪ್ಪೆ ತೆಗೆದ ಮೇಲೆ ಅಂಗೈ ಬಿಗಿದು, ಚರ್ಮ ಸುಲಿದು ಬರುತ್ತಿದೆ ಅನ್ನಿಸುತ್ತದೆ ಅಲ್ವಾ? ಅದು ಕಾಯಿಯ ಹಾಲು ಒಣಗಿ ಆದ ಪೊರೆ. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ನೀರಿನಲ್ಲಿ ಮುಳುಗಿಸಿ ಹೆರೆಯಿರಿ. ಅಥವಾ ಇಡೀ ಕಾಯಿಯನ್ನು ಹತ್ತು ನಿಮಿಷ ಬೇಯಿಸಿ ಆಮೇಲೆ ಸಿಪ್ಪೆ ತೆಗೆಯಿರಿ. ಗುಳ್ಳೆ, ತುರಿಕೆ ಬಂದರೆ ಕೈಗವಸು ಹಾಕಿಕೊಂಡೇ ಹೆಚ್ಚಬೇಕು.

ಪಲ್ಯ ನೀರುನೀರಾದರೆ ನೀರು ಹಾಕಿದ್ದೇ ಕಾರಣ. ಕಾಯಿಯಲ್ಲಿ ನೂರಕ್ಕೆ 94 ಪಾಲು ನೀರೇ ಇದೆ. ಒಗ್ಗರಣೆಗೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ತನ್ನ ನೀರಲ್ಲೇ ಬೇಯುತ್ತದೆ. ಉಪ್ಪು ಕೊನೆಗೆ. ಮಜ್ಜಿಗೆ ಹುಳಿ ಒಡೆದರೆ ಮಜ್ಜಿಗೆ ಹಾಕಿದ ಮೇಲೆ ಕುದಿಸಿದ್ದೀರಿ. ನೆನೆಸಿದ ಕಡಲೆಬೇಳೆಯನ್ನು ಕಾಯಿತುರಿಯ ಜೊತೆ ರುಬ್ಬಿ, ಮಜ್ಜಿಗೆ ಕೊನೆಗೆ ಹಾಕಿ, ಅಂಚಿನಲ್ಲಿ ನೊರೆ ಏಳುತ್ತಿದ್ದಂತೆ ಇಳಿಸಿ. ಬಾಯಿಗೆ ಕಹಿ ತಾಗಿದರೆ ಮಾತ್ರ ರುಚಿ ಸರಿ ಮಾಡಲು ಹೋಗಬೇಡಿ, ಇಡೀ ಕಾಯಿಯನ್ನು ಎಸೆಯಿರಿ. ಸೋರೆ, ಸೌತೆ ಜಾತಿಯಲ್ಲಿ ವಿಪರೀತ ಕಹಿ ವಿಷದ ಗುರುತು.

ಕಾಯಿ ಇಲ್ಲದ ತಿಂಗಳಲ್ಲೂ ಬಳ್ಳಿ ಊಟ ಕೊಡುತ್ತದೆ. ಡಾರ್ಜಿಲಿಂಗ್, ಸಿಕ್ಕಿಂ, ಮಿಜೋರಾಂ ಕಡೆ ಇದರ ಎಳೆ ಕುಡಿಯನ್ನು ಸೊಪ್ಪಿನ ಹಾಗೆ ತಿನ್ನುತ್ತಾರೆ. ನಾವೂ ಗೇಣುದ್ದ ತುದಿ ಚಿವುಟಿ, ನಾರು ಬಿಡಿಸಿ, ಬೇಳೆ ಜೊತೆ ಬಸ್ಸಾರು ಮಾಡಬಹುದು. ಚಿವುಟಿದಷ್ಟೂ ಕವಲು ಜಾಸ್ತಿ.

ಮದ್ದಾಗಿ ಬಳಸುವಾಗ ಎಡವುವ ಜಾಗ

ಮೆಕ್ಸಿಕೋ, ಮಧ್ಯ ಅಮೆರಿಕದಲ್ಲಿ ಎಲೆಯ ಕಷಾಯವನ್ನು ಮೂತ್ರ ಸಲೀಸಾಗಲು, ಕಲ್ಲು ಕರಗಲು, ರಕ್ತದೊತ್ತಡಕ್ಕೆ ಅಂತ ಕುಡಿಯುವ ರೂಢಿ ಇದೆ. ನಮ್ಮಲ್ಲಿ ಬಹಳ ಜನ ಅದನ್ನು ಕೇಳಿ ಕಾಯಿಯ ಹಸಿ ರಸ ಕುಡಿಯುತ್ತಾರೆ. ಎಲೆಯ ಕಷಾಯ ಬೇರೆ, ಕಾಯಿ ಬೇರೆ. ಕಾಯಿ ಒಳ್ಳೆಯ ತರಕಾರಿ. 100 ಗ್ರಾಂನಲ್ಲಿ ಸುಮಾರು 19 ಕ್ಯಾಲರಿ, 4.5 ಗ್ರಾಂ ಕಾರ್ಬೋಹೈಡ್ರೇಟ್, 93 ಮೈಕ್ರೋಗ್ರಾಂ ಫೋಲೇಟ್ (ಒಂದು ಬಗೆಯ ಬಿ ವಿಟಮಿನ್). ಶುಗರ್ ಇರುವವರ ತಟ್ಟೆಗೆ ಹೇಳಿ ಮಾಡಿಸಿದ ತರಕಾರಿ. ಆದರೆ ಬೇಯಿಸಿದ ನೀರು ಚೆಲ್ಲಿದರೆ ಫೋಲೇಟ್ ಅದರ ಜೊತೆಗೇ ಹೋಗುತ್ತದೆ, ಹುಳಿಯಲ್ಲಿ ಬೇಯಿಸಿದರೆ ಉಳಿಯುತ್ತದೆ. ಕಾಯಿ ತಿಂದರೆ ಕಲ್ಲು ಕರಗುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ.

ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ರಸ ಅಥವಾ ಕಷಾಯ ಶುರು ಮಾಡಿದ ಮೇಲೆ ತಲೆ ಸುತ್ತು, ಕಾಲಿನಲ್ಲಿ ಸೆಳೆತ, ಸುಸ್ತು ಬಂದರೆ ಅದನ್ನು ಬಿಸಿಲಿನ ಆಯಾಸ ಅಂತ ತಳ್ಳಿ ಹಾಕಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಮೂತ್ರ ಹೆಚ್ಚಿಸುವ ಕಷಾಯ ಸೇರಿದರೆ ದೇಹದ ಪೊಟ್ಯಾಸಿಯಂ ಇಳಿಯಬಹುದು. ಬಸುರಿಯೊಬ್ಬರಲ್ಲಿ ಸೀಮೆ ಬದನೆಯಿಂದಲೇ ಪೊಟ್ಯಾಸಿಯಂ ಕುಸಿದ ಪ್ರಕರಣವನ್ನು ವೈದ್ಯರು 1986ರಲ್ಲಿ ವರದಿ ಮಾಡಿದ್ದರು. ಊಟದ ಪಲ್ಯ, ಹುಳಿಗೆ ಹೆದರಬೇಕಿಲ್ಲ. ರಸ, ಕಷಾಯ ನಿಲ್ಲಿಸಿ, ಮಾತ್ರೆಯನ್ನು ನೀವೇ ನಿಲ್ಲಿಸದೆ ಡಾಕ್ಟರ ಹತ್ತಿರ ಹೋಗಿ. ಏನು ಕುಡಿದಿರಿ, ಎಷ್ಟು ದಿನ ಕುಡಿದಿರಿ ಅಂತ ಮುಚ್ಚಿಡದೆ ಹೇಳಿ, ಪೊಟ್ಯಾಸಿಯಂ ರಕ್ತ ಪರೀಕ್ಷೆ ಬೇಕೇ ಅಂತ ಕೇಳಿ.